ಮುಚ್ಚಳದ ಮೇಲಿನ ಕುಂಕುಮ

ಹಲಸೂರಿನ ಬೈಲಪ್ಪನ ಮನೆಗೆ ಆ ಸ್ಕೂಟರ್ ಬಂದದ್ದು ಯುದ್ಧ ಮುಗಿದ ಮರುವರ್ಷ. ದಂಡಿನ ಸೋಲ್ಜರುಗಳು ತಮ್ಮ ತಮ್ಮ ಊರಿಗೆ ಹೊರಟ ಮೇಲೆ, ಅವರು ಬಿಟ್ಟುಹೋದ ಸಾಮಾನನ್ನೆಲ್ಲ ಮೈದಾನದಲ್ಲಿ ಗುಡ್ಡೆ ಹಾಕಿ ಹರಾಜು ಕೂಗಿದರು. ಬೈಲಪ್ಪ ಹೋದದ್ದು ತೋಟದ ಮನೆಗೆ ತಗಡು ತರುವುದಕ್ಕೆ. ತಂದದ್ದು ಸ್ಕೂಟರ್. ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಬಂದು ಬಾಗಿಲ ಮುಂದೆ ಇಳಿಸಿದಾಗ ಅದು ಮೇಕೆಮರಿಯಷ್ಟು ಎತ್ತರವಿತ್ತು. ಎರಡು ಪುಟ್ಟ ಚಕ್ರ, ಒಂದು ಸೀಟು, ಸೀಟಿನ ಮುಂದೆ ತಂಬಿಗೆಯಂಥ ಟ್ಯಾಂಕು, ಟ್ಯಾಂಕಿನ ನೆತ್ತಿಯ ಮೇಲೆ ಹಿತ್ತಾಳೆಯ ದುಂಡು ಮುಚ್ಚಳ. ಆರಡಿಯ ಬೈಲಪ್ಪ ಅದರ ಮೇಲೆ ಕೂತರೆ ಮೊಣಕಾಲು ಎದೆಗೆ ತಾಗುತ್ತಿದ್ದವು. ಬೀದಿಯವರು ನಕ್ಕರು. ಅವನ ಹೆಂಡತಿ ಗಂಗಲಕ್ಷ್ಮಮ್ಮ ಎದುರಿಗೆ ನಗಲಿಲ್ಲ; ನಗು ಬಂದಾಗಲೆಲ್ಲ ಅಡುಗೆಮನೆಗೆ ಹೋಗಿ ಬರುತ್ತಿದ್ದಳು.

ಅದು ಓಡುವಂತಾದದ್ದು ಮುನಿಶಾಮಿಯಿಂದ. ಮರ್ಫಿ ಟೌನಿನ ಮುನಿಶಾಮಿ ಯುದ್ಧದ ನಾಲ್ಕು ವರ್ಷ ದಂಡಿನ ವರ್ಕ್‌ಷಾಪಿನಲ್ಲಿ ಮೋಟಾರ್ ಸೈಕಲ್ಲುಗಳ ರಿಪೇರಿ ಮಾಡಿದವನು. ಸೋಲ್ಜರುಗಳ ಹಿಂದೆಯೇ ಆ ಕೆಲಸವೂ ಹೋಗಿತ್ತು. ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ, ಖಾಕಿ ಚೀಲದಲ್ಲಿ ಸ್ಪಾನರುಗಳನ್ನು ಹಾಕಿಕೊಂಡು ಬಂದು ಹಿತ್ತಲಿನ ನುಗ್ಗೆಮರದ ಕೆಳಗೆ ಗೋಣಿ ಹಾಸಿ ಕೂರುತ್ತಿದ್ದ. ಸಣ್ಣ ಆಳು. ಮಾತಾಡುವ ಮೊದಲು ಒಂದು ಸಲ ಕೆಮ್ಮುವುದು ಅವನ ಅಭ್ಯಾಸ. ಕೆಮ್ಮಿದ ಎಂದರೆ ಏನೋ ಹೇಳುತ್ತಾನೆ ಎಂದು ತಿಳಿಯಬೇಕು.

“ಯಜಮಾನ್ರೆ, ಬರೀ ಪೆಟ್ರೋಲ್ ಹಾಕ್ಬೇಡಿ. ಎಣ್ಣೆ ಬೆರಸ್ಬೇಕು. ಇದ್ರ ಹೊಟ್ಟೇಲಿ ಬೇರೆ ಎಣ್ಣೆ ಇಲ್ಲ, ಕುಡಿಯೋದ್ರಲ್ಲೇ ಇರ್ಬೇಕು.”

“ಹೂಂ, ಹೂಂ,” ಎಂದು ಬೈಲಪ್ಪ ಮೀಸೆ ತೀಡಿಕೊಂಡು ಹೊರಗೆ ಹೋಗುತ್ತಿದ್ದ. ಗಾಡಿ ಬಿಡುವುದರಲ್ಲಿದ್ದ ಆಸೆ ಅದನ್ನು ಬಿಚ್ಚುವುದರಲ್ಲಿ ಅವನಿಗಿರಲಿಲ್ಲ.

ಕೇಳಿಸಿಕೊಳ್ಳುತ್ತಿದ್ದವಳು ಗಂಗಲಕ್ಷ್ಮಮ್ಮ. ಹಿತ್ತಲ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ, ಹದಿನಾರು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂಬುದನ್ನು ಸಾರಿಗೆ ಉಪ್ಪಿನ ಅಳತೆಯಂತೆ ನೆನಪಿಟ್ಟುಕೊಂಡಳು. ಚೈನನ್ನು ಬೆರಳಲ್ಲಿ ಎತ್ತಿದರೆ ಅರ್ಧ ಅಂಗುಲ ಆಡಬೇಕು, ಅದಕ್ಕಿಂತ ಬಿಗಿಯಾದರೆ ಕಿತ್ತುಹೋಗುತ್ತದೆ. ಬ್ರೇಕಿನ ತಂತಿಗೆ ತಿಂಗಳಿಗೊಮ್ಮೆ ಎಣ್ಣೆ ಬಿಡಬೇಕು. ಪ್ಲಗ್ಗಿನ ತುದಿ ಕಪ್ಪಗಾದರೆ ಕಿಡಿ ಹಾರುವುದಿಲ್ಲ, ಮಸಿ ತೆಗೆಯಬೇಕು. ಇದೆಲ್ಲ ತನಗೆ ಯಾಕೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಒಲೆ, ಒರಳು, ಹಸು ಇವುಗಳ ಹಾಗೆ ಇದೂ ಮನೆಗೆ ಸೇರಿದ್ದು. ಅದರ ಸ್ವಭಾವ ಯಾರಿಗಾದರೂ ಗೊತ್ತಿರಬೇಕಲ್ಲ.

ಒಂದು ಸಲ ಮುನಿಶಾಮಿ ಟ್ಯಾಂಕಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೆಮ್ಮಿದ.

“ನೋಡಿ ಅಮ್ಮಾರೆ, ನಡುವೆ ಸೂಜಿ ಮೊನೆಯಷ್ಟು ತೂತು. ಇದ್ರಲ್ಲಿ ಉಸಿರಾಡ್ತದೆ.”

“ಕೊಬ್ಬರಿ ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀವಲ್ಲ, ಹಂಗೆ,” ಅಂದಳು ಗಂಗಲಕ್ಷ್ಮಮ್ಮ. “ಒಂದೇ ತೂತಾದ್ರೆ ಎಣ್ಣೆ ಇಳಿಯಲ್ಲ.”

ಮುನಿಶಾಮಿ ಮುಚ್ಚಳ ಕೆಳಗಿಟ್ಟು ಅವಳನ್ನು ನೋಡಿದ. “ಅಷ್ಟೇ ಅಮ್ಮಾರೆ, ಇನ್ನೇನಿಲ್ಲ. ನೀವು ನಮ್ಮ ವರ್ಕ್‌ಷಾಪಿಗೆ ಬರ್ಬೇಕಿತ್ತು.”

ಆ ಮಾತು ಅವಳಿಗೆ ಎರಡು ದಿನ ಹಿತವಾಗಿತ್ತು. ಅವತ್ತು ಕಾಫಿಗೆ ಹಾಲು ಸ್ವಲ್ಪ ಹೆಚ್ಚೇ ಹಾಕಿದಳು. ಮುನಿಶಾಮಿಗೆಂದು ಒಂದು ಅಲ್ಯುಮಿನಿಯಂ ಲೋಟ ಬಾವಿಕಟ್ಟೆಯ ಮೇಲೆ ಬೋರಲಾಗಿ ಇರುತ್ತಿತ್ತು. ಅವನು ಅದನ್ನು ತಿರುಗಿಸಿ ಇಡುತ್ತಿದ್ದ, ಅವಳು ಮೇಲಿನಿಂದ ಹುಯ್ಯುತ್ತಿದ್ದಳು, ಕುಡಿದ ಮೇಲೆ ಅವನೇ ತೊಳೆದು ಮತ್ತೆ ಬೋರಲು ಹಾಕುತ್ತಿದ್ದ. ಅವಳ ಅತ್ತೆಯ ಕಾಲದಿಂದ ಮರ್ಫಿ ಟೌನಿನಿಂದ ಕೆಲಸಕ್ಕೆ ಬಂದವರಿಗೆಲ್ಲ ಹಾಗೆಯೇ ನಡೆದಿತ್ತು. ಅತ್ತೆ ನೀರು ಮಜ್ಜಿಗೆ ಕೊಡುತ್ತಿದ್ದರು, ತಾನು ಕಾಫಿ ಕೊಡುತ್ತೇನೆ ಎಂಬುದೇ ಅವಳಿಗೆ ದೊಡ್ಡದಾಗಿ ಕಂಡಿತ್ತು.

ದಸರಾ ಹತ್ತಿರ ಬಂದಾಗ ಮುನಿಶಾಮಿಗೆ ಒಂದು ನೆಲೆ ಸಿಗುವುದರಲ್ಲಿತ್ತು. ಹಳೇ ಮದರಾಸು ರಸ್ತೆಯಲ್ಲಿ ಪಿಳ್ಳಪ್ಪನವರ ಬಸ್ಸಿನ ಷೆಡ್ಡು. ಪಿಳ್ಳಪ್ಪನವರು ಬೈಲಪ್ಪನ ಸ್ನೇಹಿತರು. ಬೈಲಪ್ಪನೇ ಮಾತಾಡಿದ್ದ: “ಕೈ ಚೆನ್ನಾಗಿದೆ, ಮನುಷ್ಯನೂ ಚೊಕ್ಕ.” ಹಬ್ಬ ಕಳೆದ ಸೋಮವಾರ ಬಂದು ಸೇರಲಿ ಎಂದು ಪಿಳ್ಳಪ್ಪ ಹೇಳಿದ್ದರು. ಮುನಿಶಾಮಿ ಆ ಸೋಮವಾರದ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಸ್ಪಾನರುಗಳನ್ನು ಮಾತ್ರ ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದನ್ನೇ ಉಜ್ಜಿ ಬೆಳಗಿದ್ದ.

ಆಯುಧಪೂಜೆಯ ಹಿಂದಿನ ದಿನ ಬಂದು ಗಾಡಿಯನ್ನು ಪೂರ್ತಿ ಬಿಚ್ಚಿ ಒರೆಸಿ ಕಟ್ಟಿದ. ಗಂಗಲಕ್ಷ್ಮಮ್ಮ ಕಜ್ಜಾಯಕ್ಕೆ ಎಣ್ಣೆ ಇಟ್ಟಿದ್ದಳು. ಕಿಟಕಿಯಿಂದ ನೋಡಿದಾಗ ಅವನು ಇಂಜಿನ್ನಿನಿಂದ ಏನೋ ಒಂದನ್ನು ಬಿಚ್ಚಿ, ಚಿಂದಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಬಾವಿಯ ಹತ್ತಿರ ಸ್ನಾನ ಮಾಡುತ್ತಿದ್ದ ಬೈಲಪ್ಪನ ಕಡೆ ಹೋಗಿ ಕೆಮ್ಮಿ ಏನೋ ಹೇಳಿದ. ಬೈಲಪ್ಪ ತಲೆಯ ಮೇಲೆ ನೀರು ಹುಯ್ದುಕೊಳ್ಳುತ್ತ “ಹೂಂ, ಹೂಂ” ಅಂದ. ಎಣ್ಣೆಯಲ್ಲಿ ಕಜ್ಜಾಯ ಕೆಂಪಾಗುತ್ತಿತ್ತು. ಅವಳು ಒಲೆಯ ಕಡೆ ತಿರುಗಿದಳು.

ಪೂಜೆಯ ದಿನ ಸ್ಕೂಟರನ್ನು ತೊಳೆದವಳು ಅವಳೇ. ಬೂದಿ ಹಾಕಿ ಹಿತ್ತಾಳೆ ಮುಚ್ಚಳವನ್ನು ದೇವರ ದೀಪದಂತೆ ಬೆಳಗಿದಳು. ಹ್ಯಾಂಡಲಿಗೆ ಚೆಂಡುಹೂವಿನ ಸರ, ಚಕ್ರದ ಕೆಳಗೆ ನಿಂಬೆಹಣ್ಣು. ಆರು ವರ್ಷದ ಮಗಳು ಆಂಜಿ ಕುಂಕುಮದ ಭರಣಿ ಹಿಡಿದು ನಿಂತಿದ್ದಳು. ಸತ್ತುಹೋದ ಅಜ್ಜಿಯ ಹೆಸರು ಆಂಜನಮ್ಮ ಎಂದು ಇಟ್ಟು ಮನೆಯಲ್ಲಿ ಆಂಜಿ ಎಂದು ಕರೆಯುತ್ತಿದ್ದರು.

“ಅಮ್ಮ, ಇದ್ರ ಹಣೆ ಎಲ್ಲಿದೆ?”

ಗಂಗಲಕ್ಷ್ಮಮ್ಮ ಸ್ಕೂಟರನ್ನು ಸುತ್ತಲೂ ನೋಡಿದಳು. ಅದಕ್ಕೆ ದೀಪ ಇರಲಿಲ್ಲ, ಹರಾಜಿನಲ್ಲಿ ಯಾರೋ ಕಿತ್ತುಕೊಂಡಿದ್ದರು. ಮುಖ ಎಂದು ಹೇಳುವಂಥದ್ದು ಕಾಣಲಿಲ್ಲ. ಎತ್ತರದಲ್ಲಿ, ನಟ್ಟನಡುವೆ, ದುಂಡಗೆ ಹೊಳೆಯುತ್ತಿದ್ದದ್ದು ಮುಚ್ಚಳ.

“ಇದೇ ಕಣೆ ಹಣೆ,” ಅಂದಳು.

ಒದ್ದೆ ಕುಂಕುಮ ನಯವಾದ ಹಿತ್ತಾಳೆಗೆ ಹಿಡಿಯಲಿಲ್ಲ, ಜಾರಿತು. ಅವಳು ಒಳಗೆ ಹೋಗಿ ತನ್ನ ಮೇಣದ ಕರಡಿಗೆ ತಂದಳು. ದಿನಾ ಬೆಳಿಗ್ಗೆ ಹಣೆಗೆ ಒಂದು ಚೂರು ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತಿದರೆ ಸಂಜೆಯ ತನಕ ಅಲುಗುತ್ತಿರಲಿಲ್ಲ. ಮುಚ್ಚಳದ ನಡುವೆಯೂ ಹಾಗೆಯೇ ಹೆಬ್ಬೆರಳಿನಿಂದ ಮೇಣ ಒತ್ತಿ ತೀಡಿ, ಕಾಸಿನಗಲ ಕುಂಕುಮ ಇಟ್ಟಳು.

“ಮುತ್ತೈದೆ ಆಯ್ತು,” ಅಂದಳು ಆಂಜಿ. ಅಮ್ಮ ಮಗಳು ಇಬ್ಬರೂ ನಕ್ಕರು.

ಮರುದಿನ ವಿಜಯದಶಮಿ. ಬೈಲಪ್ಪ ಟ್ಯಾಂಕು ತುಂಬಿಸಿಕೊಂಡು, ಜರಿಪೇಟ ಸುತ್ತಿಕೊಂಡು, ಅಕ್ಕನ ಮನೆಗೆ ಬನ್ನಿ ಕೊಟ್ಟು ಬರುತ್ತೇನೆಂದು ಕೃಷ್ಣರಾಜಪುರಕ್ಕೆ ಹೊರಟ. ಒಂದು ಮೈಲಿ ಹೋಗುವುದರಲ್ಲಿ ಗಾಡಿ ನಿಂತಿತು. ಮುಚ್ಚಳ ತೆಗೆದು ನೋಡಿದ, ಪೆಟ್ರೋಲ್ ತುಂಬ ಇತ್ತು. ಮುಚ್ಚಿ ಒದ್ದ, ಹೊರಟಿತು. ಇನ್ನೊಂದು ಮೈಲಿಗೆ ಮತ್ತೆ ನಿಂತಿತು. ಬೈಯಪ್ಪನಹಳ್ಳಿಯ ಹತ್ತಿರ, ಕೃಷ್ಣರಾಜಪುರದ ರೈಲ್ವೆ ಗೇಟಿನ ಹತ್ತಿರ, ಸಂತೆಗೆ ಹೊರಟ ಗಾಡಿಗಳ ನಡುವೆ, ಹೊಸ ಬಟ್ಟೆ ತೊಟ್ಟು ನಿಂತ ಜನರೆದುರಿಗೆ. ಅಕ್ಕನ ಊರಿನವರೊಬ್ಬರು ಎತ್ತಿನಗಾಡಿಯ ಮೇಲಿನಿಂದಲೇ, “ಏನ್ ಬೈಲಪ್ಪ, ಅದಕ್ಕೊಂದು ಜೊತೆ ಎತ್ತು ಕಟ್ಟಬಾರ್ದಾ?” ಎಂದು ಕೇಳಿದರಂತೆ. ಬರುವಾಗ ಅರ್ಧ ದಾರಿ ಸ್ಕೂಟರನ್ನು ತಳ್ಳಿಕೊಂಡೇ ಬಂದ. ಪೇಟ ಕಂಕುಳಲ್ಲಿತ್ತು.

“ಯಾರು ಮುಟ್ಟಿದ್ರು ಗಾಡೀನ?” ಎಂದ, ಚಪ್ಪಲಿಯನ್ನೂ ಬಿಡದೆ.

ಗಂಗಲಕ್ಷ್ಮಮ್ಮನಿಗೆ ಮೊದಲು ಹೊಳೆದದ್ದು ತಾನು ಸುರಿದ ನೀರು. ಎರಡು ಕೊಡ ಹುಯ್ದಿದ್ದಳು. ಎಲ್ಲಿಗೋ ಹೋಗಬಾರದ ಕಡೆಗೆ ನೀರು ಹೋಗಿರಬೇಕು. ಗಂಡನ ಮುಖ ನೋಡಿದಳು. ಅವನು ಹೊಡೆಯುವವನಲ್ಲ, ಆದರೆ ಒಂದು ಮಾತು ಹಿಡಿದರೆ ತಿಂಗಳುಗಟ್ಟಲೆ ಬಿಡುವವನೂ ಅಲ್ಲ. ಗೊತ್ತಾದರೆ ಇನ್ನು ನೆಂಟರು ಬಂದಾಗಲೆಲ್ಲ ಎರಡು ಕೊಡ ನೀರಿನ ಕಥೆಯೇ ನಡೆಯುತ್ತದೆ.

“ಮೊನ್ನೆ ಮುನಿಶಾಮಿ ಬಿಚ್ಚಿದ್ನಲ್ಲ,” ಅಂದಳು. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. “ಏನೋ ಒಂದನ್ನ ಚಿಂದೀಲಿ ಸುತ್ತಿ ಜೇಬಿಗೆ ಹಾಕ್ಕೊಂಡ. ನಾನು ಕಿಟಕೀಲಿ ನೋಡ್ದೆ.”

ಬೈಲಪ್ಪ ಹೊಸಿಲ ಮೇಲೆ ಕೂತ. “ನೋಡಿದ್ಯಾ?”

“ಹೂಂ.”

ಆಡಿದ ಒಂದು ಅಕ್ಷರವೂ ಸುಳ್ಳಲ್ಲ ಎಂದು ಅವತ್ತು ರೊಟ್ಟಿ ತಟ್ಟುವಾಗ ಅವಳು ತನಗೆ ತಾನೇ ಎರಡು ಮೂರು ಸಲ ಹೇಳಿಕೊಂಡಳು.

ಮರುದಿನ ಹೊತ್ತು ಹುಟ್ಟುತ್ತಲೇ ಬೈಲಪ್ಪ ಮರ್ಫಿ ಟೌನಿಗೆ ಹೋಗಿ ಬಂದ. ಅಲ್ಲಿಂದ ಪಿಳ್ಳಪ್ಪನವರ ಷೆಡ್ಡಿಗೂ ಹೋಗಿ ಬಂದ. ಊಟದ ಹೊತ್ತಿಗೆ ಮುನಿಶಾಮಿಯ ಹೆಂಡತಿ ಗೋವಿಂದಮ್ಮ ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ, ಕರೆಯಲಿಲ್ಲ. ಗಂಗಲಕ್ಷ್ಮಮ್ಮ ತಾನೇ ಕಂಡು ಹೊರಗೆ ಬರುವ ತನಕ ನಿಂತಿದ್ದಳು.

“ಯಜಮಾನ್ರು ಬೆಳಿಗ್ಗೆ ನಮ್ಮ ಬೀದೀಗೆ ಬಂದಿದ್ರು.”

“ಹೂಂ.”

“ನಲ್ಲಿ ಹತ್ರ ಹೆಂಗಸ್ರೆಲ್ಲ ಇದ್ರು. ಕಳ್ಳ ಅಂದ್ರು. ನಮ್ಮವ್ರು ಮಾತಾಡೋಕೆ ಮುಂಚೆ ಕೆಮ್ತಾರಲ್ಲ ಅಮ್ಮಾರೆ, ಅವ್ರು ಕೆಮ್ಮೋದ್ರೊಳಗೆ ಯಜಮಾನ್ರು ಹೊರಟೋದ್ರು.”

ಗೋವಿಂದಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಪ್ಲಗ್ಗನ್ನು ಬಾವಿಕಟ್ಟೆಯ ಮೇಲೆ, ಅಲ್ಯುಮಿನಿಯಂ ಲೋಟದ ಪಕ್ಕ ಇಟ್ಟಳು. ಅದು ಹೊಸದರಂತೆ ಹೊಳೆಯುತ್ತಿತ್ತು.

“ಇದು ನಿಮ್ಮದು. ಮಸಿ ಹಿಡಿದಿತ್ತಂತೆ. ಕೆಂಡದಲ್ಲಿಟ್ಟು, ಉಪ್ಪುಕಾಗದದಲ್ಲಿ ಉಜ್ಜಿದ್ರು. ಹಬ್ಬಕ್ಕೆ ಗಾಡಿ ನಿಲ್ಬಾರ್ದು ಅಂತ ಅಲ್ಲೀಗಂಟ ನಮ್ಮದನ್ನ ಹಾಕಿದ್ರು. ಯಜಮಾನ್ರಿಗೆ ಹೇಳಿದ್ರಂತೆ, ಸ್ನಾನ ಮಾಡೋವಾಗ.” ಕಣ್ಣೆತ್ತಿ ಕೇಳಿದಳು: “ಯಾರು ನೋಡಿದ್ದು ಅಂತ ನಾನು ಕೇಳಿದ್ದಕ್ಕೆ ಯಜಮಾನ್ರು, ನಮ್ಮ ಮನೇವ್ರೇ ನೋಡಿದಾರೆ ಅಂದ್ರು. ನೀವಾ ಅಮ್ಮಾರೆ?”

“ಒಲೆ ಮೇಲೆ ಹಾಲಿದೆ, ಉಕ್ಕತದೆ,” ಎಂದು ಗಂಗಲಕ್ಷ್ಮಮ್ಮ ಒಳಗೆ ಹೋದಳು.

ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು, ಹಿತ್ತಲ ಬಾಗಿಲ ಸದ್ದು ಆಗುವ ತನಕ ನಿಂತಳು.

ಮಾರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಹಣೆಗೆ ಮೇಣ ತೀಡುತ್ತಿದ್ದಾಗ ಆಂಜಿ ಪಕ್ಕದಲ್ಲಿ ಬಂದು ಕೂತಳು.

“ಅಮ್ಮ, ನಿನ್ನದು ದಿನಾ ಅಳಿಸ್ತದೆ. ಸ್ಕೂಟರಿಂದು ಇನ್ನೂ ಹಂಗೇ ಇದೆ.”

ಗಂಗಲಕ್ಷ್ಮಮ್ಮನ ಬೆರಳು ಹಣೆಯ ಮೇಲೆಯೇ ನಿಂತಿತು. ಮೇಣ ಮೆತ್ತಗೆ ಬೆರಳಡಿಯಲ್ಲಿ ಕೂತಿತ್ತು. ಎದ್ದು ಹಿತ್ತಲಿಗೆ ಹೋದಳು. ತಲೆಯಿಂದ ಪಿನ್ನು ತೆಗೆದು ಮುಚ್ಚಳದ ನಡುವಿನ ಕುಂಕುಮವನ್ನು ಕೆರೆದಳು. ಕೆಳಗೆ ಮೇಣದ ಬಿಲ್ಲೆ ಗಟ್ಟಿಯಾಗಿ ಹಿಡಿದಿತ್ತು. ಪಿನ್ನಿನ ಮೊನೆ ಒಂದು ಕಡೆ ಸಣ್ಣಗೆ ಒಳಗೆ ಇಳಿಯಿತು. ‘ಸುಯ್’ ಎಂದು ಗಾಳಿ ಎಳೆದುಕೊಂಡ ಸದ್ದು ಬಂತು, ನಿದ್ದೆಯಲ್ಲಿ ಮೂಗು ಕಟ್ಟಿದ ಮಗು ಬಾಯಿ ತೆರೆದು ಉಸಿರೆಳೆದುಕೊಂಡಂತೆ.

ಕೊಬ್ಬರಿ ಎಣ್ಣೆ ಡಬ್ಬ ಎಂದು ಹೇಳಿದವಳು ತಾನೇ. ಕೇಳಿ ಕಲಿತದ್ದೂ ಅಲ್ಲ, ತನ್ನ ಅಡುಗೆಮನೆಯಿಂದ ತಾನೇ ತೆಗೆದು ಕೊಟ್ಟ ಮಾತು.

“ಏನಮ್ಮ ಅದು?” ಎಂದಳು ಆಂಜಿ.

“ಏನಿಲ್ಲ.” ಮೇಣದ ಚೂರುಗಳನ್ನು ಸೆರಗಿಗೆ ಒರೆಸಿಕೊಂಡಳು. “ಯಾರ ಹತ್ರಾನೂ ಹೇಳ್ಬೇಡ, ಕಂದ.” ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆಂಜಿಯೂ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆಯಾಡಿಸಿದಳು.

ಸಂಜೆ ಹೇಳೋಣ ಎಂದುಕೊಂಡಳು. ಊಟವಾದ ಮೇಲೆ, ಅವನು ಎಲೆ ಅಡಿಕೆ ಹಾಕಿಕೊಂಡು ಸಮಾಧಾನದಲ್ಲಿರುವಾಗ. ಆದರೆ ಬೈಲಪ್ಪ ಮಧ್ಯಾಹ್ನವೇ ಬಂದ. ಬಾವಿಕಟ್ಟೆಯ ಮೇಲಿನ ಪ್ಲಗ್ಗನ್ನು ಕಂಡ. ಗಾಡಿಯಲ್ಲಿದ್ದದ್ದನ್ನು ಬಿಚ್ಚಿ ಇದನ್ನು ಹಾಕಿ, ಹಟಕ್ಕೆ ಬಿದ್ದವನಂತೆ ನೇರ ಕೃಷ್ಣರಾಜಪುರದ ಸ್ಟೇಷನ್ನಿನ ತನಕ ಹೋಗಿ, ಒಂದು ಕಡೆಯೂ ನಿಲ್ಲದೆ ವಾಪಸು ಬಂದ.

“ನೋಡಿದ್ಯೇನೇ? ನಮ್ಮ ಒಳ್ಳೇದನ್ನ ಎತ್ಕೊಂಡು ಅವನ ಲಡಾಸು ಪ್ಲಗ್ ಹಾಕಿದ್ದ. ಹೆದರ್ಕೊಂಡು ವಾಪಸ್ ಕಳ್ಸಿದಾನೆ. ಈಗ ಕುದುರೆ ಹಂಗೆ ಓಡ್ತದೆ. ಇನ್ನೇನು ಸಾಕ್ಷಿ ಬೇಕು?” ಮುನಿಶಾಮಿಯ ಪ್ಲಗ್ಗನ್ನು ಗೋಡೆಯ ಗೂಡಿನೊಳಗೆ ಎಸೆದ. “ನೀನು ನೋಡಿ ಹೇಳ್ದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಪಿಳ್ಳಪ್ಪೋರಿಗೂ ಅದನ್ನೇ ಹೇಳ್ದೆ, ನಮ್ಮ ಗಂಗಾ ಕಣ್ಣಿಗೆ ಏನೂ ತಪ್ಪಿಸ್ಕೊಳ್ಳಲ್ಲ ಅಂತ.”

ಮದುವೆಯಾದ ಹನ್ನೆರಡು ವರ್ಷದಲ್ಲಿ ಅವನು ಬೇರೆಯವರ ಮುಂದೆ ಅವಳನ್ನು ಹೊಗಳಿದ್ದು ಅದೇ ಮೊದಲು. ಅವಳು ತಟ್ಟೆ ತೊಳೆಯುತ್ತಲೇ ಇದ್ದಳು. ಸಂಜೆ ಅವನು ಎಲೆ ಅಡಿಕೆ ಹಾಕಿಕೊಂಡು ಕೂತಾಗ ಮಗಳನ್ನು ಮಲಗಿಸಲು ಎದ್ದು ಹೋದಳು.

ಸೋಮವಾರ ಬಂತು. ಷೆಡ್ಡಿಗೆ ಬೇರೆ ಯಾರನ್ನೋ ಹಾಕಿಕೊಂಡರು ಎಂದು ಬೈಲಪ್ಪನೇ ಹೇಳಿದ. ಬುಧವಾರ ಸೊಪ್ಪು ತರಲು ಮಾರ್ಕೆಟ್ಟಿಗೆ ಹೋದಾಗ ಅವಳು ಮುನಿಶಾಮಿಯನ್ನು ಕಂಡಳು. ಮಂಡಿಯ ಮುಂದೆ ಲಾರಿಯಿಂದ ಈರುಳ್ಳಿ ಮೂಟೆ ಇಳಿಸುತ್ತಿದ್ದ. ಅವನ ಬೆನ್ನಿಗೆ ಆ ಮೂಟೆ ದೊಡ್ಡದು. ಅವಳನ್ನು ಕಂಡು, ಮೂಟೆ ಹೊತ್ತಂತೆಯೇ ಚರಂಡಿಯ ಕಡೆಗೆ ಸರಿದು ದಾರಿ ಬಿಟ್ಟ. ಕೆಮ್ಮಲಿಲ್ಲ. ಅವಳು ಸೊಪ್ಪು ಕೊಳ್ಳದೆ ಮನೆಗೆ ಬಂದಳು. ದಾರಿಯುದ್ದಕ್ಕೂ ಕಾಲಿಗೆ ಸೀರೆ ತೊಡರುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳು ಮೇಣ ಹಚ್ಚುವುದನ್ನು ಬಿಟ್ಟಳು. ಬರೀ ಕುಂಕುಮ ಇಟ್ಟುಕೊಳ್ಳುತ್ತಿದ್ದಳು, ಹತ್ತು ಗಂಟೆಯ ಹೊತ್ತಿಗೆ ಬೆವರಿಗೆ ಇಳಿದು ಹೋಗುತ್ತಿತ್ತು. ಯಾರೂ ಕೇಳಲಿಲ್ಲ.

ಭಾನುವಾರ ಪಿಳ್ಳಪ್ಪನವರು ಮನೆಗೆ ಬಂದರು. ದಪ್ಪ ಮನುಷ್ಯ, ಬೆಂಚಿನ ಮೇಲೆ ಕೂತು ಟವೆಲಿನಲ್ಲಿ ಗಾಳಿ ಹಾಕಿಕೊಂಡರು.

“ಹೊಸಬ ಒಂದೇ ವಾರದಲ್ಲಿ ಒಂದು ಗೇರ್‌ಬಾಕ್ಸ್ ಹಾಳ್ಮಾಡಿಟ್ಟ ಕಣಯ್ಯ. ಆ ಮುನಿಶಾಮಿ ಕೈ ನೋಡಿದ್ದೆ ನಾನು. ಹಿಂಗೆ ಮಾಡ್ಕೊಂಡ್ನಲ್ಲ.”

“ಕೈ ಒಳ್ಳೇದೇ. ಜೇಬು ಸರಿಯಿಲ್ಲ,” ಎಂದು ಬೈಲಪ್ಪ ನಕ್ಕು ಮತ್ತೆ ಕಥೆ ಶುರುಮಾಡಿದ. ಈ ಸಲ ಕಥೆಯಲ್ಲಿ ಗಂಗಲಕ್ಷ್ಮಮ್ಮ ಕಿಟಕಿಯಿಂದ ನೋಡಿದ್ದಷ್ಟೇ ಅಲ್ಲ, ಅವಳನ್ನು ಕಂಡು ಮುನಿಶಾಮಿ ಬೆಚ್ಚಿದ್ದನ್ನೂ ಸೇರಿಸಿದ. “ಬೇಕಾದ್ರೆ ಅವಳನ್ನೇ ಕೇಳಿ.”

ಗಂಗಲಕ್ಷ್ಮಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಪಕ್ಕದಲ್ಲಿದ್ದ ಆಂಜಿ ಅವಳ ಕಡೆ ತಿರುಗಿದಳು. ಮಗು ತುಟಿಯ ಮೇಲೆ ಬೆರಳಿಟ್ಟುಕೊಂಡಿತ್ತು. ಅಮ್ಮ ಹೇಳಿಕೊಟ್ಟದ್ದನ್ನು ಮರೆತಿಲ್ಲ ಎಂದು ತೋರಿಸುವಂತೆ, ಮೆಚ್ಚುಗೆಗೆ ಕಾದು, ಕಣ್ಣರಳಿಸಿ ನೋಡುತ್ತಿತ್ತು.

ಗಂಗಲಕ್ಷ್ಮಮ್ಮ ಲೋಟವನ್ನು ಬೆಂಚಿನ ಮೇಲಿಟ್ಟಳು.

“ಸ್ವಲ್ಪ ಹಿತ್ತಲಿಗೆ ಬನ್ನಿ ಇಬ್ರೂ,” ಅಂದಳು.

“ಯಾಕೆ?” ಅಂದ ಬೈಲಪ್ಪ.

“ಬನ್ನಿ.”

ಮೇಣದ ಕರಡಿಗೆ ತಂದು ಅವರ ಕಣ್ಣೆದುರೇ ಮುಚ್ಚಳದ ನಡುವೆ ಮೇಣ ಒತ್ತಿದಳು. ಮೇಲೆ ಕುಂಕುಮ ಇಟ್ಟಳು. “ಹಬ್ಬದ ದಿನ ಹಿಂಗೆ ಇಟ್ಟಿದ್ದೆ. ಈಗ ಓಡ್ಸಿ.”

ಪಿಳ್ಳಪ್ಪನವರು ಬಗ್ಗಿ ಮುಚ್ಚಳವನ್ನು ನೋಡಿದರು. ಅವರ ಮುಖ ಬದಲಾಯಿತು. ಬೈಲಪ್ಪ ಗೊಣಗುತ್ತ ಗಾಡಿಯನ್ನು ಸ್ಟ್ಯಾಂಡಿನ ಮೇಲೆಯೇ ಒದ್ದು ಶುರುಮಾಡಿ, ಹ್ಯಾಂಡಲಿನ ಹಿಡಿಯನ್ನು ತಿರುಗಿಸಿ ಹಿಡಿದ. ಟ್ಯಾಂಕು ಅವತ್ತೂ ತುಂಬಿತ್ತು. ಗಾಡಿ ಗುಡುಗುಡು ಅನ್ನುತ್ತಿತ್ತು. ನುಗ್ಗೆಮರದ ಕಾಗೆ ಹಾರಿಹೋಯಿತು. ಗಾಡಿ ನಿಲ್ಲದೇ ಹೋದರೆ ಎಂಬ ಭಯ ಅವಳಿಗೆ ಇದ್ದಕ್ಕಿದ್ದಂತೆ ಬಂತು. ಆ ಭಯದ ಹಿಂದೆಯೇ, ನಿಲ್ಲದಿದ್ದರೆ ತನ್ನ ತಪ್ಪಲ್ಲವಲ್ಲ ಎಂಬ ಆಸೆಯೂ ತಲೆ ಹಾಕಿತು. ಆ ಆಸೆಯನ್ನು ಕಂಡು ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಸ್ಕೂಟರ್ ಎರಡು ಸಲ ಬಿಕ್ಕಿ ನಿಂತುಹೋಯಿತು.

ಗಂಗಲಕ್ಷ್ಮಮ್ಮ ಮುಚ್ಚಳ ತಿರುಗಿಸಿದಳು. ‘ಸುಯ್’ ಎಂದ ಸದ್ದು ಮೂವರಿಗೂ ಕೇಳಿಸಿತು.

“ಪ್ಲಗ್ಗಿಂದಲ್ಲ. ನೀವು ಪ್ಲಗ್ ಬದಲಾಯ್ಸೋಕೆ ಮುಂಚೇನೇ ನಾನು ಪಿನ್ನಲ್ಲಿ ಇದನ್ನ ತೆಗ್ದಿದ್ದೆ. ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ.”

ಬೈಲಪ್ಪ ಹ್ಯಾಂಡಲು ಬಿಟ್ಟು ನೆಟ್ಟಗೆ ನಿಂತ. “ಒಳಗೆ ಹೋಗು,” ಅಂದ ಮೆಲ್ಲಗೆ.

ಪಿಳ್ಳಪ್ಪನವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. “ನಾಳೆ ಬೆಳಿಗ್ಗೆ ಬರೋಕೆ ಹೇಳಿ ಅವನಿಗೆ,” ಅಂದರು, ಯಾರ ಮುಖವನ್ನೂ ನೋಡದೆ. ಕಾಫಿ ಬೆಂಚಿನ ಮೇಲೆ ಹಾಗೆಯೇ ಆರಿಹೋಯಿತು.

ಅವರು ಹೋದ ಮೇಲೆ ಬೈಲಪ್ಪ ಹೇಳಿದ್ದು ಒಂದೇ ಮಾತು: “ನಾನು ಆ ಬೀದೀಗೆ ಮತ್ತೆ ಹೋಗಲ್ಲ.”

“ನಾನು ಹೋಗ್ತೀನಿ,” ಅಂದಳು.

ಸಂಜೆ ನಲ್ಲಿಗೆ ನೀರು ಬರುವ ಹೊತ್ತಿಗೆ, ಆಂಜಿಯ ಕೈ ಹಿಡಿದು, ಮುನಿಶಾಮಿಯ ಪ್ಲಗ್ಗನ್ನು ಚಿಂದಿಯಲ್ಲಿ ಸುತ್ತಿಕೊಂಡು ಮರ್ಫಿ ಟೌನಿಗೆ ಹೋದಳು. ಮನೆಯಿಂದ ಕಾಲು ಗಂಟೆಯ ದಾರಿ. ಹನ್ನೆರಡು ವರ್ಷದಲ್ಲಿ ಆ ಬೀದಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನಲ್ಲಿಯ ಸುತ್ತ ಹೆಂಗಸರು ಕೊಡ ಸಾಲಿಟ್ಟಿದ್ದರು. ಗೋವಿಂದಮ್ಮನೂ ಇದ್ದಳು. ಮುನಿಶಾಮಿ ಎದುರು ಮನೆಯ ಹೊಸಿಲಲ್ಲಿ ಕೂತು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಮುನಿಶಾಮಿ ಏನೂ ಕದ್ದಿಲ್ಲ,” ಅಂದಳು ಗಂಗಲಕ್ಷ್ಮಮ್ಮ. ಮನೆಯಿಂದ ಹೊರಟಾಗ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಅಷ್ಟೇ ಉಳಿದಿತ್ತು.

ಕೊಡದ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಕಿವಿಗೆ ಕೈ ಕೊಟ್ಟಳು. ಮಾರಕ್ಕ ಎಂದು ಅವಳ ಹೆಸರು. “ಜೋರಾಗಿ ಹೇಳಮ್ಮಣ್ಣಿ. ಅವತ್ತು ನಿನ್ನ ಗಂಡ ಹೇಳಿದ್ದು ಬೀದಿ ಕೊನೇಗಂಟ ಕೇಳಿಸ್ತು.”

ಅವಳು ಜೋರಾಗಿ ಹೇಳಿದಳು. ಮೇಣದ ವಿಷಯ, ತೂತಿನ ವಿಷಯ, ಪಿನ್ನು, ಒಂಬತ್ತು ದಿನ ಸುಮ್ಮನಿದ್ದದ್ದು, ನಾಳೆ ಷೆಡ್ಡಿಗೆ ಬರಲು ಪಿಳ್ಳಪ್ಪನವರು ಹೇಳಿದ್ದು. ಒಲೆಯ ಮೇಲೆ ಹಾಲಿರಲಿಲ್ಲ ಎಂಬುದನ್ನೂ ಗೋವಿಂದಮ್ಮನ ಕಡೆ ತಿರುಗಿ ಹೇಳಿದಳು. ನಲ್ಲಿಯ ಕೆಳಗಿನ ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಯಾರೂ ಎತ್ತಲಿಲ್ಲ.

ಮುನಿಶಾಮಿ ಕೆಮ್ಮಿದ. ಎಲ್ಲರೂ ಕಾದರು.

“ಕೊಬ್ಬರಿ ಎಣ್ಣೆ ಡಬ್ಬ ಅಂತ ನೀವೇ ಹೇಳಿದ್ರಲ್ಲ, ಅಮ್ಮಾರೆ.”

“ಹೂಂ,” ಅಂದಳು.

ಅವನು ಮುಂದೆ ಬಂದು ಚಿಂದಿಯ ಗಂಟನ್ನು ತೆಗೆದುಕೊಂಡ. ಬಿಚ್ಚಿ, ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ ಜೇಬಿಗೆ ಹಾಕಿಕೊಂಡ. “ಮುಂದಿನ ವರ್ಷ ಕುಂಕುಮಾನ ಮಡ್‌ಗಾರ್ಡ್ ಮೇಲಿಡಿ,” ಅಂದ.

“ಶುಕ್ರವಾರ ಬರ್ತೀಯಾ?”

“ಪಿಳ್ಳಪ್ಪೋರ ಷೆಡ್ಡಿಗೆ ಶುಕ್ರವಾರ ರಜ ಇಲ್ಲ.”

ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಳು. ಬರುವ ದಾರಿಯಲ್ಲಿ ಅವಳು ಒಂದು ತೀರ್ಮಾನ ಮಾಡಿಕೊಂಡಿದ್ದಳು: ಯಾರಾದರೂ ನೀರು ಕೊಟ್ಟರೆ ಕುಡಿಯುವುದು, ಯಾವ ಲೋಟದಲ್ಲಾದರೂ ಸರಿ, ಬಾಯಿಗಿಟ್ಟೇ ಕುಡಿಯುವುದು. ಅದಕ್ಕೆ ಮನಸ್ಸನ್ನು ಗಟ್ಟಿಮಾಡಿಕೊಂಡು ಬಂದಿದ್ದಳು. ಯಾರೂ ನೀರು ಕೊಡಲಿಲ್ಲ. ಗೋವಿಂದಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದಳು. ಕೊಡುತ್ತಾರೆ ಎಂದು ತಾನು ಎಣಿಸಿಕೊಂಡು ಬಂದದ್ದಕ್ಕೇ ಗಂಗಲಕ್ಷ್ಮಮ್ಮನ ಕಿವಿ ಬಿಸಿಯಾಯಿತು. ಮಗಳ ಕೈ ಹಿಡಿದು ತಿರುಗಿದಳು.

ಶುಕ್ರವಾರ ನುಗ್ಗೆಮರದ ಕೆಳಗೆ ಅವಳೇ ಗೋಣಿ ಹಾಸಿ ಕೂತಳು. ಬೈಲಪ್ಪ ಸ್ಪಾನರು ತಂದು ಪಕ್ಕದಲ್ಲಿಟ್ಟು, “ನಿನಗೇ ಗೊತ್ತಲ್ಲ,” ಎಂದು ಹೋದ. ಅವನು ಸರಿಯಾಗಿ ಮಾತಾಡಿದ್ದು ಆ ವಾರದಲ್ಲಿ ಅದೇ ಮೊದಲು. ಅವಳು ಪ್ಲಗ್ಗು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದಳು. ಚೈನನ್ನು ಬೆರಳಲ್ಲಿ ಎತ್ತಿ ನೋಡಿದಳು. ಬ್ರೇಕಿನ ತಂತಿಗೆ ಎಣ್ಣೆ ಬಿಟ್ಟಳು. ಬಾವಿಕಟ್ಟೆಯ ಮೇಲೆ ಅಲ್ಯುಮಿನಿಯಂ ಲೋಟ ಬೋರಲಾಗಿಯೇ ಇತ್ತು. ಅದನ್ನು ಒಳಗೆ ತರಲೂ ಕೈ ಬರಲಿಲ್ಲ, ಅಲ್ಲಿ ನೋಡಲೂ ಆಗುತ್ತಿರಲಿಲ್ಲ.

“ಮುನಿಶಾಮಿ ಇನ್ನು ಬರಲ್ವಾ?” ಎಂದಳು ಆಂಜಿ.

“ಇಲ್ಲ.”

“ಯಾಕೆ?”

“ನಾನು ಅವನ ಮೇಲೆ ಹೇಳ್ದೆ, ಅದಕ್ಕೆ.”

ಆಂಜಿ ಯೋಚಿಸಿದಳು. “ಸುಳ್ಳು ಹೇಳಿದ್ಯಾ?”

ಗಂಗಲಕ್ಷ್ಮಮ್ಮ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಸೂಜಿ ಮೊನೆಯಷ್ಟು ಬಿಳುಪು ಕಂಡಿತು.

“ಇಲ್ಲ ಕಂದ,” ಅಂದಳು. “ನೋಡಿದ್ದನ್ನೇ ಹೇಳ್ದೆ.”

ಮುಚ್ಚಳವನ್ನು ಟ್ಯಾಂಕಿನ ಮೇಲಿಟ್ಟು, ಹೆಚ್ಚು ಬಿಗಿಯಾಗದಂತೆ, ಮೆಲ್ಲಗೆ ತಿರುಗಿಸಿದಳು.